ಇಳಿಜಾರಿನ ನೆಂಟಸ್ತನ

ನಮ್ಮ ಸೋದರಮಾವ ನೆಂಟರನ್ನು ಅಳೆಯುತ್ತಿದ್ದದ್ದು ಅವರವರ ಮನೆಯ ಮುಂದಿನ ಇಳಿಜಾರಿನಿಂದ. ತಮಾಷೆಗೆ ಹೇಳುತ್ತಿಲ್ಲ. ಮನೆ ಎತ್ತರದಲ್ಲಿದ್ದು ಅಂಗಳದಿಂದ ರಸ್ತೆಗೆ ನೆಲ ಜಾರಿಕೊಂಡು ಬಂದಿದ್ದರೆ ಅವರು ಒಳ್ಳೆಯ ಜನ. ಹಬ್ಬಕ್ಕೂ ಹೋಗಬಹುದು, ಸುಮ್ಮಸುಮ್ಮನೆಯೂ ಹೋಗಬಹುದು. ನೆಲ ಸಮತಟ್ಟಾಗಿದ್ದರೆ ಸಂಬಂಧ ಅಲ್ಲಿಗೆ ಮುಗಿಯಿತು. ಸ್ವಂತ ಷಡ್ಡಕನ ಮನೆಗೇ ಅವರು ಆರು ವರ್ಷ ಕಾಲಿಟ್ಟಿರಲಿಲ್ಲ. ಜಗಳವೇನೂ ಇರಲಿಲ್ಲ. ಆ ಪುಣ್ಯಾತ್ಮ ಗದ್ದೆಬಯಲಿನಲ್ಲಿ ಮನೆ ಕಟ್ಟಿಸಿಕೊಂಡಿದ್ದ, ಅಷ್ಟೆ.

ಇದಕ್ಕೆಲ್ಲ ಕಾರಣ ಮಾವನ ಲಾರಿ. ಇದು ಐವತ್ತರ ದಶಕದ ಕೊನೆಯ ಮಾತು. ಸೊರಬದಲ್ಲಿ ಮಾವನಿಗೆ ಒಂದು ಹಳೆಯ ಡೀಸೆಲ್ ಲಾರಿ ಇತ್ತು. ಶಿವಮೊಗ್ಗದಲ್ಲಿ ಯಾರೋ ಓಡಿಸಿ ಓಡಿಸಿ ಸಾಕಾಗಿ ಬಿಟ್ಟದ್ದನ್ನು ಇವರು ಕೊಂಡು ತಂದಿದ್ದರು. ಅದರ ಮೈಲಿ ಮೀಟರಿನಲ್ಲಿ ಐದೇ ಅಂಕಿಗೆ ಜಾಗ. ಐದು ಒಂಬತ್ತೂ ತಿರುಗಿ ಸೊನ್ನೆಯಾದದ್ದು ನಾನು ಕಂಡಂತೆ ಒಂದು ಸಲ, ಮಾವನ ಮಾತಿನಂತೆ ಎರಡು ಸಲ. ನಾನು ಕಂಡ ಸಲ ಅವರು ಜಡೆ ಎಂಬ ಊರಿನ ದಾರಿಯಲ್ಲಿ ಲಾರಿ ನಿಲ್ಲಿಸಿ, ಬಾನೆಟ್ಟಿಗೆ ಕುಂಕುಮ ಹಚ್ಚಿ, ನನ್ನ ಕೈಗೊಂದು ಬೆಲ್ಲದ ಚೂರು ಇಟ್ಟು, "ಇವತ್ತಿಂದ ಇದು ಹೊಸ ಲಾರಿ ಕಣೋ ಅಳಿಯ" ಎಂದರು. ಹೊಸ ಲಾರಿ ಆಗ ಬಿಡುತ್ತಿದ್ದ ಹೊಗೆಯಲ್ಲಿ ನನಗೆ ಬೆಲ್ಲ ಕಾಣಲಿಲ್ಲ.

ಎಂಜಿನ್ನಿನ ಆಯಸ್ಸಿನ ಬಗ್ಗೆ ಮಾವನದೇ ಒಂದು ಸಿದ್ಧಾಂತವಿತ್ತು. "ಎಂಜಿನ್ ಓಡಿ ಸವೆಯೋದಲ್ಲ ಮಾರಾಯ, ನಿಂತು ಸವೆಯೋದು. ತಣ್ಣಗಾದದ್ದನ್ನ ಒಂದು ಸಲ ಎಬ್ಬಿಸೋದೂ ಒಂದೇ, ಶಿವಮೊಗ್ಗಕ್ಕೆ ಹೋಗಿ ಬರೋದೂ ಒಂದೇ" ಎನ್ನುತ್ತಿದ್ದರು. ಹಾಗಾಗಿ ಬೆಳಿಗ್ಗೆ ಎಬ್ಬಿಸಿದರೆ ಸಂಜೆಯ ತನಕ ಆರಿಸುವ ಮಾತೇ ಇಲ್ಲ. ಭತ್ತ ತುಂಬುವಾಗಲೂ ಗುಡುಗುಡು, ಬೆಲ್ಲ ಇಳಿಸುವಾಗಲೂ ಗುಡುಗುಡು. ಹೋಟೆಲಿನಲ್ಲಿ ಊಟಕ್ಕೆ ಕೂತರೆ ಅವರ ಒಂದು ಕಿವಿ ಹೊರಗೇ ಇರುತ್ತಿತ್ತು. ಸದ್ದು ಸ್ವಲ್ಪ ತಗ್ಗಿತೋ, ಅನ್ನ ಕಲಸಿದ ಕೈಯಲ್ಲೇ ಓಡಿಹೋಗಿ ಬಾನೆಟ್ಟಿನ ಮೇಲೆ ಎಡಗೈ ಇಟ್ಟು ನೋಡಿ ಬರುತ್ತಿದ್ದರು, ಮಗುವಿಗೆ ಜ್ವರ ನೋಡಿದ ಹಾಗೆ. ಆರಿಸಲೇಬೇಕಾದರೆ ಇಳಿಜಾರು ಬೇಕಿತ್ತು, ಏಕೆಂದರೆ ಅದರ ಸೆಲ್ಫ್ ಸ್ಟಾರ್ಟರು ಕೆಟ್ಟು ಎಷ್ಟು ಕಾಲವಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಇಳಿಜಾರಿನಲ್ಲಿ ಉರುಳಲು ಬಿಟ್ಟು ಗೇರು ಹಾಕಿದರೆ ಒಂದೆರಡು ಸಲ ಕೆಮ್ಮಿ ಮೆಲ್ಲಗೆ ಏಳುತ್ತಿತ್ತು.

ನಾನು ಶಿಕಾರಿಪುರದಲ್ಲಿ ಮೇಷ್ಟ್ರು. ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯ ಉಂಟೇ? ಯಾರದೋ ಮನೆಯಲ್ಲಿ ಡೀಸೆಲ್ ಎಂಜಿನ್ನುಗಳ ಮೇಲಿನ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದರಲ್ಲಿ ನಾನು ಚಿತ್ರಗಳನ್ನಷ್ಟೇ ನೋಡಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆ ಚಿತ್ರಗಳ ಬಲದಿಂದ, "ಮಾವ, ಇದು ದೀಪಾವಳಿ ದಾಟೋದಿಲ್ಲ" ಎಂದು ಭವಿಷ್ಯ ನುಡಿದೆ. ದೀಪಾವಳಿಯ ದಿನ ಮಾವ ಲಾರಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ಬಂದು ನಮ್ಮ ಬೀದಿಯಲ್ಲೇ ಎರಡು ಸುತ್ತು ಹೊಡೆದರು. ಆಮೇಲೆ ಯುಗಾದಿ ಎಂದೆ. ಗೌರಿ ಹಬ್ಬ ಎಂದೆ. ಪಂಚಾಂಗದಲ್ಲಿ ಹಬ್ಬಗಳು ಮುಗಿದವೇ ಹೊರತು ಎಂಜಿನ್ ಮುಗಿಯಲಿಲ್ಲ. ಕೊನೆಕೊನೆಗೆ ಮಾವ ಸಿಕ್ಕಾಗಲೆಲ್ಲ, "ಈಗ ಯಾವ ಹಬ್ಬಕ್ಕೆ ಇಟ್ಟಿದ್ದೀಯೋ ಇದರ ತಿಥಿ?" ಎಂದು ಕೇಳುತ್ತಿದ್ದರು.

ನನ್ನ ಭವಿಷ್ಯ ಹೋಗಲಿ, ಶಿವಮೊಗ್ಗದ ಮೇಸ್ತ್ರಿಯ ಮಾತು ಹಾಗಲ್ಲ. ಆ ದಿನ ನಾನೂ ಜೊತೆಗಿದ್ದೆ. ಆತ ಬಾನೆಟ್ ಎತ್ತಿ, ಕಿವಿಗೊಟ್ಟು, ಕೈ ಒರೆಸಿಕೊಂಡು, "ಸಾಹುಕಾರ್ರೆ, ಇದರೊಳಗೆ ದಮ್ಮು ಉಳಿದಿಲ್ಲ. ಇಳಿಜಾರಲ್ಲಿ ಮೆತ್ತಗೆ ಎಬ್ಬಿಸಿದರೆ ಇನ್ನೂ ಎಷ್ಟೋ ವರ್ಷ ಓಡುತ್ತೆ. ಸಮ ನೆಲದಲ್ಲಿ ಆರಿಸಿ ತಣ್ಣಗಾಗೋಕೆ ಬಿಟ್ಟು, ಆಮೇಲೆ ನೂಕಿ ಎಳೆದು ಎಬ್ಬಿಸೋಕೆ ಹೋದಿರೋ, ಒಳಗೆ ಮುರಿಯುತ್ತೆ. ಮುರಿದರೆ ನನ್ನ ಹತ್ರ ತರಬೇಡಿ" ಎಂದ. ಬೇರೆ ಎಂಜಿನ್ ಹಾಕಿಸುವ ತಾಕತ್ತು ಮಾವನಿಗಿರಲಿಲ್ಲ. ಹೊಲವಿಲ್ಲ, ತೋಟವಿಲ್ಲ, ಲಾರಿಯೇ ಅವರ ಅನ್ನ. ವಾಪಸು ಬರುವಾಗ ಶಿಕಾರಿಪುರದ ತನಕ ಅವರು ಎಲ್ಲೂ ಲಾರಿ ನಿಲ್ಲಿಸಲಿಲ್ಲ.

ಇಂಥ ಹೊತ್ತಿನಲ್ಲಿ ನನಗೆ ಹೆಣ್ಣು ನೋಡುವ ಕೆಲಸ ಶುರುವಾಯಿತು. ಮಾವನಿಗೆ ಮಗಳಿದ್ದಿದ್ದರೆ ಅಲ್ಲೇ ಮುಗಿದುಹೋಗುತ್ತಿತ್ತು, ನಿಮಗೂ ಈ ಪ್ರಬಂಧ ಓದುವ ಕಷ್ಟ ತಪ್ಪುತ್ತಿತ್ತು. ಅವರಿಗೆ ಮಕ್ಕಳೇ ಇರಲಿಲ್ಲ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ನನ್ನನ್ನು ಓದಿಸಿದವರು ಅವರು. ಹೆಣ್ಣು ನೋಡಲು ಮುಂದೆ ನಿಂತು ಕರೆದುಕೊಂಡು ಹೋಗಬೇಕಾದವರೂ ಅವರೇ. ಬಸ್ಸಿನಲ್ಲಿ ಹೋಗೋಣ ಮಾವ ಎಂದರೆ, "ಮನೇಲಿ ಲಾರಿ ಇಟ್ಕೊಂಡು ಬಸ್ಸಲ್ಲಿ ಹೋದ್ರೆ ಹೆಣ್ಣಿನ ಕಡೆಯವರು ಎಂತ ತಿಳ್ಕೊಳ್ತಾರೆ?" ಎನ್ನುತ್ತಿದ್ದರು. ಅಮ್ಮ ಮೊದಲ ಪ್ರಯಾಣದಲ್ಲೇ ಸೊಂಟ ಹಿಡಿಸಿಕೊಂಡು, ಇನ್ನು ಸೊಸೆಯನ್ನು ಮನೆಗೆ ಬಂದ ಮೇಲೆಯೇ ನೋಡುತ್ತೇನೆ ಎಂದು ಹೇಳಿಬಿಟ್ಟಳು. ಉಳಿದವರು ನಾವಿಬ್ಬರೇ.

ಲಾರಿಯಲ್ಲಿ ನನ್ನ ಕೆಲಸವೇನು ಗೊತ್ತೇ? ಕಲ್ಲು. ಇಳಿಜಾರಿನಲ್ಲಿ ಲಾರಿ ನಿಲ್ಲಿಸಿದ ತಕ್ಷಣ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಆ ಕಲ್ಲು ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಕೂತು ಬರುತ್ತಿತ್ತು. ಇಸ್ತ್ರಿ ಮಾಡಿದ ಪ್ಯಾಂಟು, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಎದೆಗವಚಿದ ಕಲ್ಲು. ಹೆಣ್ಣಿನ ಮನೆಯವರು ಮೊದಲ ಸಲ ವರನನ್ನು ಕಂಡದ್ದು ಎಲ್ಲ ಕಡೆಯೂ ಹೀಗೆಯೇ.

ಜಡೆಯಲ್ಲಿ ಒಂದು ಮನೆ. ಎಂಥ ಇಳಿಜಾರು! ಮಾವ ಇಳಿದವರೇ ಹುಡುಗಿಯನ್ನು ನೋಡುವ ಮೊದಲೇ, "ನಮಗೆ ಒಪ್ಪಿಗೆ" ಎಂದರು. ಒಳಗೆ ಉಪ್ಪಿಟ್ಟು ಆರುತ್ತಿದ್ದರೆ ಇವರು ಹುಡುಗಿಯ ತಂದೆಯನ್ನು ಅಂಗಳದಲ್ಲೇ ನಿಲ್ಲಿಸಿಕೊಂಡು, ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಹೋಗುತ್ತದೆಯೇ, ಮುಂದೆ ನೆಲ ಸಮತಟ್ಟು ಮಾಡಿಸುವ ಯೋಚನೆ ಇದೆಯೇ ಎಂದು ವಿಚಾರಿಸಿದರು. ಅವರಿಗೆ ಜಾಗ ಕೊಳ್ಳಲು ಬಂದವರೋ ಹೆಣ್ಣು ಕೇಳಲು ಬಂದವರೋ ಎಂಬ ಅನುಮಾನ ಬಂತು. "ಜಾಗ ಮಾರೋದಿಲ್ಲ" ಎಂದು ಆಮೇಲೆ ಹೇಳಿ ಕಳಿಸಿದರು.

ಕುಬಟೂರಿನಲ್ಲಿ ತಪ್ಪು ನನ್ನದು. ಹುಡುಗಿಯ ಮುಂದೆ ಅವಮಾನವಾಗದಿರಲಿ ಎಂದು ದೊಡ್ಡ ಕಲ್ಲನ್ನು ದಾರಿಯಲ್ಲೇ ಕದ್ದುಮುಚ್ಚಿ ಎಸೆದು, ಜೇಬಿನಲ್ಲಿ ಹಿಡಿಯುವಂಥ ಒಂದನ್ನು ಇಟ್ಟುಕೊಂಡಿದ್ದೆ. ನಾವು ಕಾಫಿ ಕುಡಿಯುತ್ತಿದ್ದಾಗ ಲಾರಿ ಮೆಲ್ಲಗೆ ಜಾರಿ, ಗೇರಿನಲ್ಲಿದ್ದುದರಿಂದ ತಾನೇ ಸ್ಟಾರ್ಟಾಗಿ, ಅವರ ಹುಲ್ಲಿನ ಬಣವೆಯೊಳಗೆ ಮೂತಿ ತೂರಿಸಿ ನಿಂತಿತು. ಮಾವನ ಮುಖದಲ್ಲಿ ಮಾತ್ರ ಹೆಮ್ಮೆ. "ನೋಡಿದ್ಯಾ, ತಾನೇ ಎದ್ದು ಹೊರಟಿತು. ಇದಕ್ಕೆ ವಯಸ್ಸಾಯ್ತು ಅಂತೀಯಲ್ಲ" ಎಂದರು. ಹೆಣ್ಣಿನ ಕಡೆಯವರ ಉತ್ತರಕ್ಕೆ ನಾವು ಕಾಯಲಿಲ್ಲ. ಹೀಗೆ ಒಟ್ಟು ನಾಲ್ಕು ಕಡೆ ಬೇಡವೆನಿಸಿಕೊಂಡೆ. ನಾಲ್ಕಕ್ಕೂ ಲಾರಿಯೇ ಕಾರಣ ಎಂದು ಸ್ನೇಹಿತರಿಗೆಲ್ಲ ಹೇಳಿದೆ. ನನ್ನ ಮೋರೆಯೂ ಒಂದು ಕಾರಣವಿರಬಹುದು ಎಂದು ಅವರು ಹೇಳಲಿಲ್ಲ, ಒಳ್ಳೆಯ ಸ್ನೇಹಿತರು.

ಐದನೆಯದು ಶಿಕಾರಿಪುರದಿಂದ ಹೊನ್ನಾಳಿ ಕಡೆಗೆ ಹೋಗುವ ದಾರಿಯ ಒಂದು ಊರು. ಹೆಸರು ಹೇಳುವುದಿಲ್ಲ, ಇವತ್ತಿಗೂ ಅಲ್ಲಿಗೆ ಹಬ್ಬದ ಊಟಕ್ಕೆ ಹೋಗಬೇಕು. ನೆಲ ತಟ್ಟೆಯ ಹಾಗೆ ಸಮ. ಸುತ್ತ ಎರಡು ಮೈಲಿ ನೋಡಿದರೂ ಬದುವಿಗಿಂತ ಎತ್ತರದ ದಿಬ್ಬವಿಲ್ಲ. ಮಾವ ಊರ ಬಾಗಿಲಲ್ಲೇ ಮುಖ ಹುಳ್ಳಗೆ ಮಾಡಿಕೊಂಡು, ಹೆಣ್ಣಿನ ಮನೆಯ ಮುಂದೆ ಲಾರಿ ನಿಲ್ಲಿಸಿ, "ನೀನು ಬೇಗ ನೋಡಿ ಬಾ, ನಾನು ಎಂಜಿನ್ ಓಡಿಸ್ತಾ ಇಲ್ಲೇ ಇರ್ತೇನೆ" ಎಂದರು. ನಾನು ಅಭ್ಯಾಸದಂತೆ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ. ಸಮ ನೆಲದಲ್ಲಿ ಕಲ್ಲು! ಬಾಗಿಲ ಸಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ತಲೆ ಎತ್ತಿ ನೋಡಿದೆ. ಆ ನಗುವನ್ನು ನೋಡಿದ ಮೇಲೆ, ಈ ಮನೆಯಲ್ಲಿ ಮಾತ್ರ ಬೇಡವೆನಿಸಿಕೊಳ್ಳಬಾರದು ದೇವರೇ ಎಂದುಕೊಂಡೆ.

ಒಳಗೆ ಹೋಗಿ ಕೂತೆ. ಹೊರಗೆ ಎಂಜಿನ್ ಗುಡುಗುಡು. ಕಿಟಕಿ ನಡುಗುತ್ತಿತ್ತು, ಅವಲಕ್ಕಿಯ ತಟ್ಟೆ ಬೆಂಚಿನ ಮೇಲೆ ತಾನೇ ಸರಿಯುತ್ತಿತ್ತು. ಹುಡುಗಿಯ ತಂದೆ, "ಏನರ ಕೇಳೋದಿದ್ರ ಕೇಳ್ರಿ ಮಾಸ್ತರ್ರ" ಎಂದು ಕೂಗಿದರು. ನನ್ನ ಧ್ವನಿ ಎಂಥದೆಂದರೆ, ಹಿಂದಿನ ಬೆಂಚಿನವರಿಗೆ ನಾನು ಪಾಠ ಮಾಡುತ್ತಿದ್ದೇನೋ ಜಪ ಮಾಡುತ್ತಿದ್ದೇನೋ ತಿಳಿಯುತ್ತಿರಲಿಲ್ಲ. ಹೆಸರು ಕೇಳಿದೆ. ಅವಳಿಗೆ ಕೇಳಿಸಲಿಲ್ಲ. ಅವಳು ಏನೋ ಹೇಳಿದಳು, ನನಗೆ ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಇನ್ನೊಮ್ಮೆ ಪ್ರಯತ್ನಿಸಿದೆ. ಹುಡುಗಿಯ ತಂದೆ ಆಕಳಿಸಿದರು. ಇದೂ ಹೋಯಿತು ಎಂದುಕೊಂಡು ಕಿಟಕಿಯಾಚೆ ನೋಡಿದೆ. ಮಾವ ಸ್ಟೀರಿಂಗ್ ಹಿಡಿದು ಕೂತು ನನ್ನನ್ನೇ ನೋಡುತ್ತಿದ್ದರು. ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ.

ಎಂಜಿನ್ ನಿಂತಿತು.

ಮನೆಯವರೆಲ್ಲ ಉಸ್ಸಪ್ಪ ಎಂದರು. ಹಿತ್ತಿಲಲ್ಲಿ ಕೋಳಿ ಕೂಗುವುದು ಕೇಳಿಸಿತು. ನಾನು ಮಾತ್ರ ಗಾಬರಿಯಲ್ಲಿ ಅರ್ಧ ಎದ್ದವನು ಮತ್ತೆ ಕೂತೆ. ಇಷ್ಟು ದಿನ ಎಂಜಿನ್ನಿನ ಮೇಲೆ ಹಾಕಿದ ತಪ್ಪು ಈಗ ನನ್ನ ತಲೆಯ ಮೇಲೆ ಬಂದು ಕೂತಿತ್ತು. ಸದ್ದು ನಿಂತಿದೆ, ಕೇಳಲು ಒಂದು ಪ್ರಶ್ನೆಯೂ ಹೊಳೆಯದು. ಕೊನೆಗೆ ಅವಳೇ ಕೇಳಿದಳು, "ಲಾರಿ ನಿಂತಿದ್ದಕ್ಕ ನೀವ್ಯಾಕ್ರಿ ಇಷ್ಟು ಗಾಬರಿ ಆದ್ರಿ?"

ಆಗ ಮಾತು ಬಂತು ನೋಡಿ. ಸೊನ್ನೆಯಾದ ಮೀಟರು, ಸಮತಟ್ಟಿನ ಷಡ್ಡಕ, ಶಿವಮೊಗ್ಗದ ಮೇಸ್ತ್ರಿ, ನಾನು ಹಬ್ಬಹಬ್ಬಕ್ಕೂ ಇಟ್ಟ ತಿಥಿ, ಎಲ್ಲವನ್ನೂ ಹೇಳಿದೆ. ಅವಳು ನಗುತ್ತ ಕೇಳಿದಳು, ಆಮೇಲೆ ನಗು ನಿಲ್ಲಿಸಿ ಕೇಳಿದಳು.

"ಮತ್ತೆ ಏಳಲ್ಲ ಅಂತ ಗೊತ್ತಿದ್ದೂ ಯಾಕ ಆರಿಸಿದ್ರು?"

"ನಾನು ನಿಮ್ಮ ಹತ್ರ ಮಾತಾಡಲಿ ಅಂತ" ಎಂದೆ.

ಅವಳು ಎದ್ದು ಒಳಗೆ ಹೋದಳು. ಅಂಥ ಮಾವ ಇರೋ ಮನಿ ಆದ್ರ ನಂದು ಅಡ್ಡಿಯಿಲ್ಲ ಎಂದು ತಾಯಿಯ ಹತ್ತಿರ ಹೇಳಿದ್ದು ನನಗೆ ಆಮೇಲೆ ತಿಳಿಯಿತು. ಗಮನಿಸಿ, ನನ್ನ ಹೆಸರು ಅದರಲ್ಲಿ ಎಲ್ಲೂ ಬರುವುದಿಲ್ಲ.

ಸಂಜೆಯ ಹೊತ್ತಿಗೆ ಊರಿಗೆ ಊರೇ ಲಾರಿ ನೂಕಲು ನಿಂತಿತು. ಕಲ್ಲು ತೆಗೆದು ನಾನೂ ಹೆಗಲು ಕೊಟ್ಟೆ. ಪಕ್ಕದಲ್ಲಿ ಬಳೆಯ ಸದ್ದಾಯಿತು. ತಾಯಿ ಬೈಯುತ್ತಿದ್ದರೂ ಕೇಳದೆ ಅವಳೂ ಬಂದು ಕೈ ಹಚ್ಚಿದ್ದಳು. ಹಬ್ಬಹಬ್ಬಕ್ಕೂ ಆ ಎಂಜಿನ್ನಿನ ಸಾವನ್ನು ಬರೆದಿಟ್ಟ ನಾನು ಆಗ ಕಂಡಕಂಡ ದೇವರನ್ನೆಲ್ಲ ನೆನೆದು, ಇವತ್ತೊಂದು ದಿನ ನನ್ನ ಮಾತು ಸುಳ್ಳಾಗಲಿ ಎಂದು ಬೇಡಿಕೊಂಡೆ. ನಾಲ್ಕನೆಯ ಸಲ ಮಾವ ಗೇರು ಹಾಕಿದಾಗ ಲಾರಿ ಒಮ್ಮೆ ಜಗ್ಗಿತು. ಒಳಗೆ ಟಕ್ಕೆಂದು ಏನೋ ಮುರಿಯಿತು. ನೂಕುತ್ತಿದ್ದವರಿಗೆ ಅದು ತಿಳಿಯಲಿಲ್ಲ, ಇನ್ನೊಮ್ಮೆ ನೂಕೋಣ ಎನ್ನುತ್ತಿದ್ದರು. ಮಾವ ಸಾಕು ಎಂದು ಕೈ ಎತ್ತಿದರು.

ಆ ಎಂಜಿನ್ ಮತ್ತೆ ಏಳಲಿಲ್ಲ. ಮುಂದೆ ಮಾವ ಇನ್ನೊಬ್ಬರ ಲಾರಿಗೆ ಡ್ರೈವರಾದರು, ನನ್ನ ಮದುವೆಗೆ ಬಸ್ಸಿನಲ್ಲಿ ಬಂದರು. ಆದರೆ ನನಗೆ ಮರೆಯಲಾಗದ್ದು ಆ ಸಂಜೆ. ಹುಡುಗಿಯ ತಂದೆ ಲಾರಿಯನ್ನು ಶಿಕಾರಿಪುರಕ್ಕೆ ಎಳೆಸಲು ಎರಡು ಜೊತೆ ಎತ್ತು ಹೊಂದಿಸಲು ಹೋಗಿದ್ದರು. ಮಾವ ಇಳಿದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ತಣ್ಣಗಾಯ್ತು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತು ಯಾವ ಹಬ್ಬನೋ ಅಳಿಯ?"

"ಯಾವ ಹಬ್ಬಾನೂ ಅಲ್ಲ ಮಾವ. ನನ್ನಿಂದ ಹೀಗಾಯ್ತು."

"ಅದಿರಲಿ. ಅವಳ ಹತ್ರ ಮಾತಾಡಿದ್ಯಾ?"

"ಆಡಿದೆ."

"ಕೇಳಿಸ್ತಾ ಅವಳಿಗೆ?"

"ಕೇಳಿಸ್ತು ಮಾವ."

"ಹಾಗಾದ್ರೆ ಆಯ್ತು ಬಿಡು" ಎಂದು ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಬಾನೆಟ್ಟಿನ ಧೂಳು ಒರೆಸತೊಡಗಿದರು. ನಾನು ಕಲ್ಲು ಹುಡುಕಿ ತಂದೆ. ಎಲ್ಲಿಗೂ ಹೋಗದ ಲಾರಿಯ ಚಕ್ರಕ್ಕೆ ಅದನ್ನು ಕೊಟ್ಟು, ಯಾರಿಗೂ ಕಾಣದ ಹಾಗೆ ಅಲ್ಲೇ ಕೂತು ಅತ್ತೆ.