ಎಂಟು ಕಾಲಿನ ವರನಿಗೆ ಕನ್ಯೆ ಬೇಕಾಗಿದೆ

ನಮ್ಮ ಮಾವ ತಮ್ಮ ಒಬ್ಬಳೇ ಮಗಳ ಮದುವೆಗೆ ಓಡಾಡಿದ್ದು ಹೆಚ್ಚೆಂದರೆ ನಾಲ್ಕು ದಿನ. ಹುಡುಗನನ್ನು ಅವಳೇ ಹುಡುಕಿಕೊಂಡಿದ್ದಳು. ಇವರು ಛತ್ರಕ್ಕೆ ಬಂದು ಅಕ್ಷತೆ ಹಾಕಿ, ಮೂರು ಹೋಳಿಗೆ ತಿಂದು, ಮೂಲೆಯ ಕುರ್ಚಿಯಲ್ಲಿ ನಿದ್ದೆ ಹೊಡೆದರು. ಅದೇ ಮನುಷ್ಯ ಮಹಡಿ ಕೋಣೆಯಲ್ಲಿ ಸಾಕಿಕೊಂಡಿರುವ ಒಂದು ಜೇಡದ ಮದುವೆಗೆ ಓಡಾಡಿದ್ದು ಬರೋಬ್ಬರಿ ನಾಲ್ಕು ತಿಂಗಳು! ಕತ್ರಿಗುಪ್ಪೆಯಿಂದ ಬಿಟಿಎಂ, ಅಲ್ಲಿಂದ ಬಿಳೇಕಹಳ್ಳಿ. ಹೋದಲ್ಲೆಲ್ಲ ಸ್ಕೂಟರ್ ಓಡಿಸಿದವಳು ನಾನು, ಅವರ ಅಕ್ಕನ ಮಗಳಾಗಿ ಹುಟ್ಟಿದ ಒಂದೇ ತಪ್ಪಿಗೆ.

ಜೇಡ ಎಂದರೆ ನಿಮ್ಮ ಮನೆಯ ಮೂಲೆಯಲ್ಲಿ ಪೊರಕೆಗೆ ಸಿಗುವ ಬಡಪಾಯಿ ಎಂದುಕೊಳ್ಳಬೇಡಿ. ಇದು ಟರಾಂಟುಲಾ. ಕಾಲು ಚಾಚಿದರೆ ಅಂಗೈ ತುಂಬುತ್ತದೆ, ಮೈತುಂಬ ಗುಲಾಬಿ ಛಾಯೆಯ ರೋಮ. ಕಾಡಿನಿಂದ ಹಿಡಿದು ತಂದದ್ದೂ ಅಲ್ಲ. ಸಾಕಿದವರ ಮನೆಯಲ್ಲೇ ಹುಟ್ಟಿ, ಸಾಸಿವೆಗಿಂತ ಚೂರು ದೊಡ್ಡದಿದ್ದಾಗ ಮಾವನ ಕೈ ಸೇರಿದ್ದು. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಉಳಿದವರು ವಾಕಿಂಗ್ ಹೋಗುತ್ತಾರೆ, ಭಜನೆಗೆ ಸೇರುತ್ತಾರೆ. ಇವರು ಗಾಜಿನ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದರಲ್ಲಿ ಒಂದೊಂದು ಜೇಡ ಇಟ್ಟುಕೊಂಡು, ಮಧ್ಯೆ ಒಂದು ಬೆತ್ತದ ಸ್ಟೂಲು ಹಾಕಿಕೊಂಡು ಕುಳಿತರು.

ನಮ್ಮತ್ತೆ ಬೆಳಿಗ್ಗೆ ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸದೆ ಒಂದು ತೊಟ್ಟು ನೀರು ಕುಡಿಯದವರು. ಆ ಮನೆಯೊಳಗೆ ಈರುಳ್ಳಿ ಬಂದರೂ ತಲೆ ತಗ್ಗಿಸಿಕೊಂಡು ಬರುತ್ತದೆ. ಅಂಥಾ ಮನೆಯಲ್ಲಿ ಜೇಡಗಳ ಊಟಕ್ಕೆಂದು ಮಾವ ಜಿರಲೆ ಸಾಕಿದರು! ಬೀದಿಯವರೆಲ್ಲ ದುಡ್ಡು ಕೊಟ್ಟು ಜಿರಲೆ ಸಾಯಿಸುತ್ತಿದ್ದರೆ ಇವರು ದುಡ್ಡು ಕೊಟ್ಟು ತರಿಸಿದರು. ಜಿರಲೆಗಳಿಗೆ ಅಡಗಿಕೊಳ್ಳಲು ಮೊಟ್ಟೆಯ ರಟ್ಟಿನ ಟ್ರೇಗಳೇ ಆಗಬೇಕಂತೆ. ಹಾಗಾಗಿ ವಾರಕ್ಕೊಮ್ಮೆ ಮಾವ ಮೂಲೆ ಅಂಗಡಿಯಿಂದ ಖಾಲಿ ಟ್ರೇಗಳನ್ನು ಕಂಕುಳಲ್ಲಿ ಇರುಕಿಕೊಂಡು ಬರುವುದನ್ನು ಇಡೀ ಬೀದಿ ನೋಡಿತು. ನೋಡಿ ಸುಮ್ಮನಿರುತ್ತದೆಯೇ? ಎದುರು ಮನೆಯವರು ಅತ್ತೆಯನ್ನು ತಡೆದು ನಿಲ್ಲಿಸಿ, ಬಹಳ ಮೆಲ್ಲಗೆ, "ಡಾಕ್ಟ್ರು ಹೇಳಿದ್ದಾ ಅಕ್ಕ? ಪರವಾಗಿಲ್ಲ ಬಿಡಿ, ಈಗೆಲ್ಲ ತಿಂತಾರೆ" ಎಂದು ಸಮಾಧಾನ ಹೇಳಿದರಂತೆ.

ಅತ್ತೆ ಅಂದಿನಿಂದ ಆ ಕೋಣೆಯೊಳಗೆ ಕಾಲಿಡಲಿಲ್ಲ. ಬಾಗಿಲಲ್ಲಿ ನಿಂತು ಬೈಯುತ್ತಾರೆ, ಅಷ್ಟೇ. ಶಿವರಾತ್ರಿ ದಿನ ಮಾವ ಎರಡನೇ ತಟ್ಟೆ ಅವಲಕ್ಕಿ ಕೇಳಿದಾಗ, "ಆ ಜೇಡ ಎರಡು ತಿಂಗಳಿಂದ ಒಂದು ಹುಳ ಮುಟ್ಟಿಲ್ಲ. ಈ ಮನೇಲಿ ಉಪವಾಸ ಮಾಡೋದು ಅದೊಂದೇ!" ಎಂದರು.

ಆ ಉಪವಾಸದ ಹಿಂದೆ ಒಂದು ಕಾರಣವಿತ್ತು. ಕೆಲವು ದಿನಗಳಲ್ಲೇ ಜೇಡ ಪೊರೆ ಬಿಟ್ಟಿತು. ನಾನು ಆಫೀಸಿನಲ್ಲಿ ಮೀಟಿಂಗ್ ಮಧ್ಯೆ ಇದ್ದೆ. ಮಾವನ ಫೋನು.

"ಪುಟ್ಟೀ, ಹುಡುಗ ದೊಡ್ಡೋನಾದ ಕಣೇ! ಮುಂಗಾಲಲ್ಲಿ ಕೊಕ್ಕೆ ಬಂದಿದೆ!"

"ಯಾವ ಹುಡುಗ ಮಾವ?"

"ನಮ್ಮ ಹುಡುಗಾನೇ. ಇದೇ ಕೊನೆ ಪೊರೆ. ಇನ್ನು ಆರು ತಿಂಗಳು, ಹೆಚ್ಚು ಅಂದ್ರೆ ಎಂಟು. ಅಷ್ಟರೊಳಗೆ ಹೆಣ್ಣು ಸಿಕ್ಕಿಲ್ಲ ಅಂದ್ರೆ ಮುಗೀತು."

ವಿಷಯ ಇಷ್ಟು. ಈ ಜಾತಿಯ ಹೆಣ್ಣು ಇಪ್ಪತ್ತು ವರ್ಷ ಆರಾಮಾಗಿ ಬದುಕುತ್ತದೆ. ಗಂಡಿಗೆ ಪ್ರಾಯ ಬಂತೆಂದರೆ ಆಯುಸ್ಸು ಮುಗಿಯುತ್ತಾ ಬಂತೆಂದೇ ಅರ್ಥ. ಮುಂದಿನ ಸಲ ನೋಡೋಣ ಬಿಡಿ ಎಂದೆ. "ಇನ್ನೊಂದು ಗಂಡು ಬೆಳೆಸೋಕೆ ಮೂರ್ನಾಲ್ಕು ವರ್ಷ ಬೇಕು. ಇದೇ ಸಲ ಆಗ್ಬೇಕು, ಇನ್ನೊಂದು ಸಲ ನನ್ನ ಕೈಲಾಗಲ್ಲ" ಎಂದರು. ಮಾವನಿಗೆ ನಾಟಕ ಸ್ವಲ್ಪ ಜಾಸ್ತಿ ಎಂದುಕೊಂಡು ನಾನು ಮೀಟಿಂಗಿಗೆ ವಾಪಸಾದೆ.

ಮಗಳು ಬೇರೆ ಜಾತಿಯವನನ್ನು ಕರೆದುಕೊಂಡು ಬಂದಾಗ "ಅದೆಲ್ಲ ಈ ಕಾಲದಲ್ಲಿ ಯಾರು ನೋಡ್ತಾರೆ" ಎಂದು ನಗುತ್ತಾ ಒಪ್ಪಿದ್ದ ಮಾವ, ಜೇಡದ ವಿಷಯಕ್ಕೆ ಬಂದರೆ ಕಟ್ಟಾ ಸಂಪ್ರದಾಯಸ್ಥರು! ಸ್ವಜಾತಿಯೇ ಆಗಬೇಕು, ಬೆರಕೆಯಾದರೆ ತಳಿ ಕೆಡುತ್ತದೆ. ಒಂದೇ ತಾಯಿಯ ಮೊಟ್ಟೆಚೀಲದಿಂದ ಬಂದ ಅಕ್ಕತಮ್ಮ ಆಗಬಾರದು, ಅಂದರೆ ಗೋತ್ರ ಬೇರೆ ಇರಬೇಕು. ಕೂತು ಒಂದು ಬಯೋಡೇಟಾ ಬರೆದರು: "ವಯಸ್ಸು ಮೂರು. ಆರೋಗ್ಯವಂತ, ಶಾಂತ ಸ್ವಭಾವ. ಗುಲಾಬಿ ಮೈಬಣ್ಣ. ಕತ್ರಿಗುಪ್ಪೆಯಲ್ಲಿ ವಾಸ. ಸ್ವಜಾತಿಯ, ಚೆನ್ನಾಗಿ ತಿಂದುಂಡಿರುವ ಕನ್ಯೆ ಬೇಕಾಗಿದೆ." ಇದನ್ನು ಜೇಡ ಸಾಕುವವರ ವಾಟ್ಸಾಪ್ ಗುಂಪಿಗೆ ಹಾಕಬೇಕಿತ್ತು. ಹಾಕಿದ್ದು ನಮ್ಮ ಸಮಾಜದ ವಧೂವರರ ಗುಂಪಿಗೆ!

ಐದು ನಿಮಿಷದಲ್ಲಿ ಉತ್ತರಗಳು ಬಂದವು. ಒಬ್ಬರು "ಸ್ವಂತ ಮನೆಯೇ, ಬಾಡಿಗೆಯೇ?" ಎಂದು ಕೇಳಿದರು. ಇನ್ನೊಬ್ಬರು "ವಯಸ್ಸು ಮೂವತ್ತು ಎಂದು ತಿದ್ದಿ" ಎಂದರು. ಮತ್ತೊಬ್ಬರಂತೂ ಓದುವ ಗೋಜಿಗೇ ಹೋಗದೆ "ನಮಗೆ ಒಪ್ಪಿಗೆ, ಜಾತಕ ಕಳಿಸಿ" ಎಂದುಬಿಟ್ಟರು. ಅವರ ಮಗಳ ಗತಿ ನೆನೆದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಸರಿಯಾದ ಗುಂಪಿನಿಂದ ಮೊದಲ ಸಂಬಂಧ ಬಂದದ್ದು ಬಿಟಿಎಂನಿಂದ. ಹುಬ್ಬಳ್ಳಿ ಕಡೆಯ ಹುಡುಗಿ, ಆಫೀಸಿನ ಕೆಲಸ, ಮೇಲ್ಮಹಡಿಯ ಒಂದು ರೂಮಿನಲ್ಲಿ ಬಾಡಿಗೆಗಿದ್ದಳು. ಜೇಡ ಸಾಕುವವರಲ್ಲಿ ಗಂಡೇ ಹೆಣ್ಣಿನ ಮನೆಗೆ ಹೋಗುವುದು ಪದ್ಧತಿ. ವರನನ್ನು ಗಾಳಿತೂತಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಮಾವ ಹಿಂದೆ ಕುಳಿತರು. ಪ್ರತಿ ಹಂಪ್ಸಿಗೂ ಬೆನ್ನಿಗೆ ಒಂದು ಗುದ್ದು. "ನಿಧಾನ ಕಣೇ, ಮದುಮಗ!"

ಬಾಗಿಲಲ್ಲೇ ಮನೆ ಓನರ್ ಆಂಟಿ ಹಿಡಿದರು. ಸಿಲ್ಕ್ ಜುಬ್ಬಾ ತೊಟ್ಟ ಮಾವನನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿ ಮುಖ ಅರಳಿಸಿದರು.

"ಹುಡುಗಿ ನೋಡಕ್ಕೆ ಬಂದ್ರಾ ಸಾರ್?"

"ಹೌದಮ್ಮ," ಎಂದರು ಮಾವ, ಸತ್ಯವಂತರು.

"ಒಳ್ಳೆ ಹುಡುಗಿ. ಹುಡುಗನ್ನ ಕರ್ಕೊಂಡ್ ಬರ್ಲಿಲ್ವಾ?"

"ಬಂದಿದಾನಲ್ಲ, ಡಬ್ಬೀಲಿದಾನೆ." ಟವೆಲ್ ಸರಿಸಿ ತೋರಿಸಿಯೂ ಬಿಟ್ಟರು!

ಆಂಟಿಗೆ ನಾನು ನೀರು ಕುಡಿಸಿ, ಅವರ ಮಂಚದ ಮೇಲೆ ಕೂರಿಸಿ ಮೇಲೆ ಹೋಗುವ ಹೊತ್ತಿಗೆ ಮಾವ ಆಗಲೇ ಭೂತಗನ್ನಡಿ ಹಿಡಿದು ಕುಳಿತಿದ್ದರು. ಹೆಣ್ಣೋ ಗಂಡೋ ಎಂಬುದು ಬಿಟ್ಟ ಪೊರೆಯನ್ನು ನೀರಿನಲ್ಲಿ ನೆನೆಸಿ, ಬಿಡಿಸಿ, ಒಳಭಾಗ ನೋಡಿದರೆ ಮಾತ್ರ ತಿಳಿಯುತ್ತದಂತೆ. ಬಹಳ ಹೊತ್ತಿನ ಮೇಲೆ ಮಾವ ಕನ್ನಡಿ ಕೆಳಗಿಟ್ಟರು.

"ತಾಯಿ, ಇದು ಹೆಣ್ಣಲ್ಲ. ಇನ್ನೂ ಪ್ರಾಯಕ್ಕೆ ಬರದ ಗಂಡು."

"ಏನಂತೀರ್ರಿ ಸರ್! ಎರಡ ವರ್ಷದಿಂದ ರಾಣಿ ಅಂತ ಕರ್ಯಾಕತ್ತೀನ್ರಿ!"

"ಇವತ್ತಿಂದ ರಾಜ ಅಂತ ಕರಿ. ಅದಕ್ಕೇನೂ ಬೇಜಾರಿಲ್ಲ."

ಬೇಜಾರಾದದ್ದು ಮಾವನಿಗೆ. ವಾಪಸು ಬರುವಾಗ ಒಂದು ಗುದ್ದೂ ಬೀಳಲಿಲ್ಲ. ತಿಂಗಳು ಒಂದಾಯಿತು, ಎರಡಾಯಿತು, ಮೂರಾಯಿತು. ವರ ಊಟ ಬಿಟ್ಟು ಪೆಟ್ಟಿಗೆಯ ಗಾಜಿನುದ್ದಕ್ಕೂ ಸುತ್ತುತ್ತಿದ್ದ. ಅವನನ್ನು ನೋಡಿ ಇವರೂ ಕೋಣೆಯಲ್ಲಿ ಸುತ್ತುತ್ತಿದ್ದರು.

ಕೊನೆಗೆ ಬಿಳೇಕಹಳ್ಳಿಯ ಹಲ್ಲಿನ ಡಾಕ್ಟರೊಬ್ಬರು ಸಿಕ್ಕರು. ಅವರ ಹೆಣ್ಣಿಗೆ ಒಂಬತ್ತು ವರ್ಷ. ಹುಡುಗನಿಗಿಂತ ಆರು ವರ್ಷ ದೊಡ್ಡವಳಲ್ವಾ ಮಾವ ಎಂದೆ. "ಇಂಥ ಹೊತ್ತಲ್ಲಿ ವಯಸ್ಸು ನೋಡ್ತಾ ಕೂರಕ್ಕಾಗತ್ತಾ?" ಎಂದರು. ಮರಿಗಳಾದರೆ ಎರಡೂ ಕಡೆಗೆ ಅರ್ಧರ್ಧ ಎಂದು ಮಾತಾಯಿತು. ಆದರೆ ಡಾಕ್ಟರ ಮನೆಗೆ ಹೆಂಡತಿಯ ಕಡೆಯವರು ತಿಂಗಳ ಮಟ್ಟಿಗೆ ಬಂದಿಳಿದಿದ್ದರಿಂದ ಅಲ್ಲಿ ಈ ಕಾರ್ಯ ಸಾಧ್ಯವಿರಲಿಲ್ಲ. ಪದ್ಧತಿ ಮುರಿದು ಹೆಣ್ಣನ್ನೇ ಕತ್ರಿಗುಪ್ಪೆಗೆ ತಂದಿಟ್ಟು ಹೋದರು. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಹತ್ತು ದಿನ ಬೇಕು, ಅಲ್ಲಿಯವರೆಗೆ ಮನೆಯಲ್ಲಿ ಏನೂ ಅದುರಬಾರದು ಎಂದರು. ಮಾವ ಮೊದಲು ಮಾಡಿದ ಕೆಲಸ ಅಡುಗೆಮನೆಯ ಮಿಕ್ಸಿ ಬಂದ್ ಮಾಡಿದ್ದು. ಅತ್ತೆ ಒರಳುಕಲ್ಲಿನಲ್ಲಿ ಚಟ್ನಿ ರುಬ್ಬುತ್ತಾ, "ಸೊಸೆ ಮನೆಗೆ ಬಂದು ಎರಡು ದಿನ ಆಗಿಲ್ಲ, ಆಗ್ಲೇ ನನ್ನ ಅಡುಗೆಮನೆಗೆ ಕೈ ಹಾಕಿದ್ಳು!" ಎಂದು ಹರಿಹಾಯ್ದರು. ಆದರೂ ದಿನಕ್ಕೆರಡು ಸಲ ಬಾಗಿಲಿಗೆ ಬಂದು "ಅದು ಏನಾದ್ರೂ ತಿಂತಾ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ತಿನ್ನುವುದು ಮುಖ್ಯವೇ. ಹೆಣ್ಣಿಗೆ ಹಸಿವಿದ್ದರೆ ಮದುಮಗನೇ ಊಟ. ಹೊಟ್ಟೆ ತುಂಬಿದ್ದರೂ ನಂಬುವಂತಿಲ್ಲ. ಕಾರ್ಯ ಮುಗಿದ ಕ್ಷಣ ಅವನು ಓಡಬೇಕು. ಓಡುವಾಗ ಗಂಡಿನ ಕಡೆಯವರು ಉದ್ದ ಹಿಡಿಯ ಬ್ರಷ್ಷನ್ನು ಇಬ್ಬರ ನಡುವೆ ಅಡ್ಡ ಹಿಡಿಯಬೇಕು. ಇದೊಂದೇ ಶಾಸ್ತ್ರ.

ಹನ್ನೊಂದನೆಯ ದಿನ ಭಾನುವಾರ, ತಿಂಡಿ ಆದ ಮೇಲೆ ಮುಹೂರ್ತ. ನಾನು ವರನ ಡಬ್ಬಿ ತೆರೆದು ಹಿಡಿದು ನಿಂತೆ. ಅತ್ತೆ ಎಂದಿನಂತೆ ಬಾಗಿಲಲ್ಲಿ. ಮದುಮಗ ಹೆಣ್ಣಿನ ಪೆಟ್ಟಿಗೆಗೆ ಇಳಿದು, ನಿಂತು, ಮುಂಗಾಲುಗಳಿಂದ ನೆಲ ಬಡಿದ. ಸ್ವಲ್ಪ ಹೊತ್ತಿಗೆ ಬಿಲದೊಳಗಿಂದ ಅವಳೂ ಬಡಿದಳು! ನಿಜ ಹೇಳುತ್ತೇನೆ, ನನಗೆ ಮೈ ಜುಮ್ಮೆಂದಿತು. ಅವಳು ಹೊರಬಂದಳು. ಅವನು ಕೊಕ್ಕೆಗಳಿಂದ ಅವಳ ಹಲ್ಲುಗಳನ್ನು ಎತ್ತಿ ಹಿಡಿದ. ನಾಲ್ಕು ತಿಂಗಳ ಓಡಾಟ ಒಂದೆರಡು ನಿಮಿಷದಲ್ಲಿ ಮುಗಿಯಿತು.

"ಬ್ರಷ್, ಮಾವ!" ಎಂದೆ.

ಮಾವ ಬ್ರಷ್ ಇಳಿಸಿದರು. ಅದು ಗಾಜಿಗೆ ಟಕಟಕ ಎಂದು ಬಡಿಯತೊಡಗಿತು. ಅವರ ಕೈ ನಡುಗುತ್ತಿತ್ತು. ಸಂಭ್ರಮಕ್ಕೆ ಎಂದುಕೊಂಡೆ. ಎಡಗೈಯಿಂದ ಬಲಗೈ ಹಿಡಿದುಕೊಂಡರು, ಎರಡೂ ನಡುಗಿದವು. ಆ ಸದ್ದಿಗೆ ಹೆಣ್ಣು ಸರಕ್ಕನೆ ತಿರುಗಿತು. ಅವನು ಮೂಲೆ ಸೇರಿದ್ದ. ನನ್ನ ಕೈಯಲ್ಲಿ ಡಬ್ಬಿ. ಅದನ್ನು ಬಿಡುವಂತಿರಲಿಲ್ಲ. ಮಾವ ನನ್ನ ಕಡೆ ನೋಡಲಿಲ್ಲ. ಬಾಗಿಲ ಕಡೆ ತಿರುಗಿ, "ಆಗ್ತಿಲ್ಲ ಕಣೇ" ಎಂದರು. ಅಂಥ ಸಣ್ಣ ದನಿಯನ್ನು ಅವರಿಂದ ನಾನು ಕೇಳಿರಲಿಲ್ಲ.

ಅತ್ತೆ ಒಳಗೆ ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಾವನ ಕೈಯ ಮೇಲೆ ತಮ್ಮ ಕೈಯನ್ನು ಗಟ್ಟಿಯಾಗಿ ಇಟ್ಟು, ಬ್ರಷ್ಷನ್ನು ನೇರವಾಗಿ ಇಬ್ಬರ ನಡುವೆ ಇಳಿಸಿದರು. ಹೆಣ್ಣು ಬ್ರಷ್ ಕಚ್ಚಿತು. ವರ ಗೋಡೆ ಹತ್ತಿ ನನ್ನ ಡಬ್ಬಿಗೆ ಬಿದ್ದ. ಎಂಟೂ ಕಾಲು ನೆಟ್ಟಗಿದ್ದವು.

ಮುಚ್ಚಳ ಹಾಕಿ, "ಎಷ್ಟು ದಿನದಿಂದ ಹೀಗೆ ಮಾವ?" ಎಂದೆ.

"ಎಂಟು ತಿಂಗಳು," ಎಂದವರು ಅತ್ತೆ.

ಮಾವ ಬೆಚ್ಚಿದರು. "ನಿಂಗೆ ಗೊತ್ತಿತ್ತಾ?"

"ಅಂಗಿಯ ಗುಂಡಿ ತೂತುಗಳೆಲ್ಲ ತಾವಾಗೇ ದೊಡ್ಡದಾದ್ವು ಅಂದ್ಕೊಂಡ್ರಾ? ಲೋಟಕ್ಕೆ ಅರ್ಧ ಕಾಫಿ ಹಾಕಿದ್ರೆ ಜುಗ್ಗಿ ಅಂತ ಬೈದ್ರಲ್ಲ, ತುಂಬ ಹಾಕಿದ್ರೆ ಚೆಲ್ತಿತ್ತು."

"ಹೇಳಿದ್ರೆ ಇವನ್ನೆಲ್ಲ ಯಾರಿಗಾದ್ರೂ ಕೊಟ್ಬಿಡಿ ಅಂತೀಯಾ ಅಂತ..."

"ಅಂತಿದ್ದೆ. ಅದಕ್ಕೇ ನಾನೂ ಕೇಳ್ಲಿಲ್ಲ."

ನಾಲ್ಕು ತಿಂಗಳು ನನ್ನ ಹಿಂದೆ ಕೂತು ಬಂದ ಮನುಷ್ಯನ ಕೈಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. ಅತ್ತೆಗೆ ಅಳಲು ಪುರುಸೊತ್ತಿರಲಿಲ್ಲ. ನಾಳೆಯೇ ಡಾಕ್ಟರ ಹತ್ತಿರ ಹೋಗುವುದು ಎಂದು ಖಡಾಖಂಡಿತ ಹೇಳಿದರು. ಆಮೇಲೆ ಗಾಜಿನೊಳಗೆ ಬಗ್ಗಿ ಹೆಣ್ಣು ಜೇಡವನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದರು.

"ಮರಿ ಎಷ್ಟಾಗುತ್ವೆ?"

"ಎಲ್ಲ ಸರಿ ಹೋದ್ರೆ ಮುನ್ನೂರು," ಎಂದರು ಮಾವ, ತಲೆ ತಗ್ಗಿಸಿ. "ಒಂದೊಂದಕ್ಕೂ ಒಂದೊಂದು ಪುಟ್ಟ ಡಬ್ಬಿ ಬೇಕು."

ಅತ್ತೆ ಮಾವನ ಬೆತ್ತದ ಸ್ಟೂಲನ್ನು ಎಳೆದುಕೊಂಡು ಕುಳಿತರು. ಅವರ ಕೈ ಇನ್ನೂ ಮಾವನ ಕೈಯ ಮೇಲೇ ಇತ್ತು.

"ಅಷ್ಟು ಪುಟ್ಟ ಮುಚ್ಚಳ ನಿಮ್ಮ ಕೈಲಿ ತೆಗೆಯಕ್ಕಾಗಲ್ಲ. ಊಟ ಹ್ಯಾಗೆ ಹಾಕೋದು, ನಂಗೆ ಹೇಳ್ಕೊಡಿ."