ಮಿಕ್ಕಿದ್ದೇ ಮಿಗಿಲು

ನಿವೃತ್ತಿಯಾದ ಮೂರನೆಯ ದಿನ ಬೆಳಿಗ್ಗೆ ಸ್ಟೋರ್‌ಕೀಪರು ತಮ್ಮ ಸ್ವಂತ ಮನೆಯಲ್ಲಿ, ತಮ್ಮ ಸ್ವಂತ ಕಣ್ಣಿನಿಂದ ಒಂದು ಘೋರ ಕೃತ್ಯವನ್ನು ಕಂಡರು. ಹೆಂಡತಿ ಫ್ರಿಜ್ಜಿನಿಂದ ಒಂದು ಡಬ್ಬ ತೆಗೆದಳು, ಮುಚ್ಚಳ ಬಿಚ್ಚಿ ಮೂಸಿದಳು, ಮುಖ ಕಿವುಚಿದಳು, ಒಳಗಿದ್ದ ಕುಂಬಳಕಾಯಿಯನ್ನು ಕಸದ ಬುಟ್ಟಿಗೆ ಸುರಿದಳು. ಸುರಿದದ್ದು ಸಾಲದೆಂಬಂತೆ ಡಬ್ಬದ ತಳಕ್ಕೆ ಎರಡು ಏಟು ಬೇರೆ ಹಾಕಿದಳು.

ಸ್ಟೋರ್‌ಕೀಪರು ಸಾಮಾನ್ಯ ಮನುಷ್ಯರಲ್ಲ. ತಿರುಪು, ಮೊಳೆ, ವಾಷರ್ ತಯಾರಿಸುವ ಕಾರ್ಖಾನೆಯ ಉಗ್ರಾಣವನ್ನು ಮೂವತ್ನಾಲ್ಕು ವರ್ಷ ಕಾದವರು. ಅವರ ಕಾಲದಲ್ಲಿ ಒಂದು ವಾಷರ್ ಕಾಣೆಯಾದರೆ ಅದು ಸಿಗುವವರೆಗೆ ಯಾರೂ ಊಟಕ್ಕೆ ಏಳುವಂತಿರಲಿಲ್ಲ. (ಒಮ್ಮೆ ಅದು ಮ್ಯಾನೇಜರರ ಪ್ಯಾಂಟಿನ ಮಡಿಕೆಯಲ್ಲಿ ಸಿಕ್ಕಿತು. ಮ್ಯಾನೇಜರರಿಂದಲೇ ಲಿಖಿತ ವಿವರಣೆ ಬರೆಸಿಕೊಂಡ ಧೀರರು ಇವರು.) ಅಂಥವರ ಕಣ್ಣೆದುರಿಗೇ ಅರ್ಧ ಡಬ್ಬ ಕುಂಬಳಕಾಯಿ!

"ಏನೇ ಅದು ನೀನು ಮಾಡಿದ್ದು?"

"ಡಬ್ಬ ಖಾಲಿ ಮಾಡ್ದೆ."

"ಖಾಲಿ ಮಾಡೋದು ಅಂದ್ರೆ ತಿಂದು ಖಾಲಿ ಮಾಡೋದು!"

"ನಾಲ್ಕು ದಿನದ್ದು ಕಣ್ರೀ. ಹುಳಿ ಬಂದಿತ್ತು."

"ನಾಲ್ಕು ದಿನ ಅದು ಒಳಗೆ ಕೂತು ಏನು ಮಾಡ್ತಿತ್ತು? ಮೊದಲು ಬಂದದ್ದು ಮೊದಲು ಹೊರಗೆ ಹೋಗ್ಬೇಕು. ಉಗ್ರಾಣದ ಮೊದಲನೇ ಪಾಠ ಅದು."

"ಹಾಗಾದ್ರೆ ಈ ಮನೆಗೆ ಮೊದಲು ಬಂದೋರು ನೀವು. ಚಪ್ಪಲಿ ಬಾಗಿಲಲ್ಲೇ ಇದೆ."

ಹೆಂಡತಿಗೆ ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ. ಚುಚ್ಚುಮದ್ದು ಕೊಡುವಾಗ ನಾಯಿಗಳ ಬಾಯಿ ಅದುಮಿ ಹಿಡಿಯುವುದರಲ್ಲಿ ಆಕೆ ಎತ್ತಿದ ಕೈ. ಗಂಡನ ಬಾಯಿ ಅವಳಿಗೆ ಯಾವ ಮಹಾ! ಆದರೂ ಸ್ಟೋರ್‌ಕೀಪರು ಬಿಡಲಿಲ್ಲ. ಅವಳು ತಲೆ ಬಾಚುವಾಗ, ಬ್ಯಾಗು ಹುಡುಕುವಾಗ, ಬಾಗಿಲ ತನಕ ಹೋಗುವಾಗ ಹಿಂದಿಂದೆ ನಡೆದು, ಅಪವ್ಯಯದಿಂದ ಅಳಿದ ಸಾಮ್ರಾಜ್ಯಗಳ ಕುರಿತು ಉಪನ್ಯಾಸ ಕೊಟ್ಟರು. ಹೊಸ್ತಿಲಲ್ಲಿ ಅವಳು ತಿರುಗಿ ನಿಂತಳು.

"ಆಯ್ತು. ಹದಿನೈದು ದಿನ ಅಡುಗೆಮನೆ ನಿಮ್ಮ ಕೈಗೆ. ಒಂದಗುಳು ವ್ಯರ್ಥ ಆದ್ರೂ ನೀವು ಸೋತ ಹಾಗೆ. ಆಮೇಲೆ ಅಡುಗೆಮನೆ ಸುದ್ದಿ ಎತ್ತಬಾರ್ದು. ಫ್ರಿಜ್ ಬಾಗಿಲು ತೆಗೆಯೋಕೂ ನನ್ನ ಅಪ್ಪಣೆ ಬೇಕು."

"ಗೆದ್ರೆ?"

"ಗೆದ್ರೆ ಅಡುಗೆಮನೆ ಶಾಶ್ವತವಾಗಿ ನಿಮ್ದೇ."

ಮೂರೇ ದಿನದ ಹಿಂದೆ ಒಂದು ಉಗ್ರಾಣ ಕಳೆದುಕೊಂಡಿದ್ದ ಸ್ಟೋರ್‌ಕೀಪರಿಗೆ ಮತ್ತೊಂದು ಉಗ್ರಾಣ ತಾನಾಗಿ ಒಲಿದು ಬಂದಂತಾಯಿತು. "ತೀರ್ಪು ಹೇಳೋರು ಯಾರು?" ಎಂದು ಕೇಳಿದರು.

"ನಾನಿದ್ದೀನಲ್ಲ," ಎಂಬ ದನಿ ಒಳಕೋಣೆಯಿಂದ ಬಂತು. ಎಂಬತ್ತೊಂದು ವರ್ಷದ ಅತ್ತೆಯದು. ಆಕೆಯ ಕಿವಿಗೆ 'ಅಮ್ಮಾ, ಮಾತ್ರೆ ತಗೊಳ್ಳಿ' ಎಂದು ಕಿರುಚಿದರೂ ಕೇಳುವುದಿಲ್ಲ. ಜಗಳವಾದರೆ ಪಿಸುಮಾತೂ ಕೇಳುತ್ತದೆ.

ಸ್ಟೋರ್‌ಕೀಪರು ಅಂದೇ ಅಧಿಕಾರ ಸ್ವೀಕರಿಸಿದರು. ಫ್ರಿಜ್ಜಿನ ಮೂರು ಅರೆಗಳಿಗೆ 'ಇಂದು', 'ನಾಳೆ', 'ತುರ್ತು' ಎಂದು ಚೀಟಿ ಅಂಟಿಸಿದರು. ಅಡುಗೆಮನೆಯ ಮೂಲೆಯಲ್ಲಿ ಮುಕ್ಕಾಲು ಪಾಲು ಕುಂಬಳಕಾಯಿ ಉಳಿದಿತ್ತು. ಅದನ್ನು ಇಟ್ಟುಕೊಂಡರೆ ತಾನೇ ಕೆಡುವುದು? ಅಷ್ಟನ್ನೂ ಒಂದೇ ಏಟಿಗೆ ಹೆಚ್ಚಿ ಬೇಯಿಸಿಬಿಟ್ಟರು.

ಖಾರ ತುಸು ಹೆಚ್ಚಾಯಿತು. ಖಾರ ತಗ್ಗಿಸಲು ಆರು ಆಲೂಗಡ್ಡೆ ಹಾಕಿದರು. ಸಪ್ಪೆಯಾಯಿತು. ರುಚಿಗೆಂದು ಟೊಮೇಟೊ ಹಾಕಿದರು. ನೀರಾಯಿತು. ನೀರು ಹೀರಲೆಂದು ಒಣಗಿದ ಬ್ರೆಡ್ಡು ಪುಡಿ ಮಾಡಿ ಹಾಕಿದರು. ಸೌಟು ನೆಟ್ಟಗೆ ನಿಂತಿತು. ಸೌಟು ಅಲ್ಲಾಡಲೆಂದು ಹಿಂದಿನ ದಿನದ ಸೂಪು ಸುರಿದರು. ಸರಿಪಡಿಸಿದಷ್ಟೂ ಅದು ಬೆಳೆಯಿತು. ಮಧ್ಯಾಹ್ನದ ಹೊತ್ತಿಗೆ ಮೂರು ಜನರ ಮನೆಯಲ್ಲಿ ಮೂವತ್ತು ಜನರ ಪಾತ್ರೆ ಒಲೆಯ ಮೇಲೆ ಕುಳಿತು ಗುಳುಗುಳು ಎನ್ನುತ್ತಿತ್ತು.

ಮೊದಲ ದಿನ ಅದಕ್ಕೆ 'ಕೂಷ್ಮಾಂಡ ಪಾಕ' ಎಂದು ಹೆಸರಿಟ್ಟು ಬಡಿಸಿದರು. ಎರಡನೆಯ ದಿನ ಉಂಡೆ ಕಟ್ಟಿ ಕರಿದು 'ಕೂಷ್ಮಾಂಡ ಗುಳಿಗೆ' ಎಂದರು. ಮೂರನೆಯ ದಿನ ಉಂಡೆಗಳನ್ನು ಪುನಃ ಮುರಿದು, ಅನ್ನ ಕಲಸಿ, ಕುದಿಸಿ, 'ಶೇಷಾಮೃತ' ಎಂದು ಕರೆದರು.

ಅತ್ತೆ ಚಮಚದ ತುದಿಯಿಂದ ಅದನ್ನು ಮುಟ್ಟಿ ನೋಡಿದರು. "ಹೆಸರು ಸರಿಯಾಗೇ ಇಟ್ಟಿದ್ದೀರಿ ಅಳಿಯಂದ್ರೇ. ಅಮೃತ ಅಂದ್ರೆ ಸಾವಿಲ್ಲದ್ದು. ಇದೂ ಸಾಯೋ ಹಾಗೆ ಕಾಣಲ್ಲ."

ಹೆಂಡತಿ ತಟ್ಟೆ ಪಕ್ಕಕ್ಕೆ ಸರಿಸಿದಳು. ಕ್ಲಿನಿಕ್ಕಿನಲ್ಲಿ ಇತ್ತೀಚೆಗೆ ಊಟ ಹಾಕುತ್ತಾರೆ ಎಂದಷ್ಟೇ ಹೇಳಿದಳು. (ಅಲ್ಲಿ ಊಟ ಹಾಕುವುದು ರೋಗಿಗಳಿಗೆ ಮಾತ್ರ ಎಂಬುದು ಸ್ಟೋರ್‌ಕೀಪರಿಗೆ ಹೊಳೆಯಲಿಲ್ಲ.)

ನಾಲ್ಕನೆಯ ದಿನ ಅವರಿಗೆ ದಿವ್ಯವಾದ ಉಪಾಯವೊಂದು ಹೊಳೆಯಿತು. ಕಟ್ಟಡದಲ್ಲಿ ಇನ್ನೂ ನಾಲ್ಕು ಮನೆಗಳಿದ್ದವು. ಹಂಚಿದರೆ ಉಳಿಯುವುದೇ ಇಲ್ಲವಲ್ಲ! ನಾಲ್ಕು ದೊಡ್ಡ ಡಬ್ಬ ತುಂಬಿಸಿಕೊಂಡು ಮೆಟ್ಟಿಲು ಹತ್ತಿ ಇಳಿದರು. ಕೆಳಗಿನ ಮನೆಯ ಡ್ರೈವಿಂಗ್ ಮೇಷ್ಟ್ರು, ಎದುರು ಮನೆಯ ಟೈಲರಮ್ಮ, ಮೇಲಿನ ಮನೆಯ ಹಲ್ಲಿನ ಡಾಕ್ಟರು, ಮಹಡಿಯ ತುದಿಯ ಹೆಡ್‌ಮಿಸ್ಸು, ಎಲ್ಲರೂ "ಅಯ್ಯೋ, ಯಾಕೆ ಸಾರ್ ತೊಂದರೆ" ಎನ್ನುತ್ತಲೇ ತೆಗೆದುಕೊಂಡರು. ಸ್ಟೋರ್‌ಕೀಪರು ಶಿಳ್ಳೆ ಹಾಕುತ್ತ ಮನೆಗೆ ಬಂದರು.

ಮಾರನೆಯ ದಿನ ಡಬ್ಬಗಳು ಹಿಂದಿರುಗಿದವು. ಒಂದೂ ಖಾಲಿ ಇರಲಿಲ್ಲ.

"ಖಾಲಿ ಡಬ್ಬ ಹೇಗೆ ಸಾರ್ ವಾಪಸ್ ಕೊಡೋದು?" ಎಂದು ಡ್ರೈವಿಂಗ್ ಮೇಷ್ಟ್ರು ಮುದ್ದೆಗಟ್ಟಿದ ನೂಡಲ್ಸ್ ಕೊಟ್ಟರು. ಡಾಕ್ಟರು ಹಲ್ಲೇ ಬೇಡದಷ್ಟು ಮೆತ್ತಗಿನ ಬೀನ್ಸು ಕೊಟ್ಟರು. ಹೆಡ್‌ಮಿಸ್ಸು ಕೊಟ್ಟ ಎಲೆಕೋಸು, ಆಕೆಯ ಕೈಯಲ್ಲಿ ಪಳಗಿದ ಮಕ್ಕಳಂತೆ, ಚೆನ್ನಾಗಿ ಬೆಂದು ಬಣ್ಣ ಕಳೆದುಕೊಂಡಿತ್ತು. ಬಂದದ್ದನ್ನು ಎಸೆಯುವಂತಿಲ್ಲ. ಎಲ್ಲವನ್ನೂ ಮೂಲ ಪಾತ್ರೆಗೆ ಸೇರಿಸಿ, ಕುದಿಸಿ, ಮತ್ತೆ ಡಬ್ಬ ತುಂಬಿಸಿಕೊಂಡು ಹೊರಟರು.

ಬಾಗಿಲಲ್ಲಿ ಅತ್ತೆ ತಮ್ಮ ಮಗಳಿಗೆ ಹೇಳಿದ್ದು ಅವರ ಕಿವಿಗೆ ಬಿತ್ತು. "ಮೂವತ್ನಾಲ್ಕು ವರ್ಷ ತಿರುಪು ಎಣಿಸಿದ ಮನುಷ್ಯ, ಈಗ ನೋಡು, ತಿರುಪೆಗೆ ಹೊರಟ."

"ತಿರುಪೆ ಅಂದ್ರೆ ಬೇಡೋದು ಅತ್ತೆ. ನಾನು ಕೊಡ್ತಿದ್ದೀನಿ!"

"ಬರುವಾಗ ಡಬ್ಬ ತುಂಬಿರುತ್ತಲ್ಲ, ಅದಕ್ಕೇ ಅಂದೆ."

ಒಂಬತ್ತನೆಯ ದಿನ ಟೈಲರಮ್ಮ ಒಂದು ತಟ್ಟೆಯಲ್ಲಿ ಹಿಟ್ಟಿನ ಹೊದಿಕೆಯ ಪುಟ್ಟ ಪುಟ್ಟ ಪೊಟ್ಟಣಗಳನ್ನು ತಂದುಕೊಟ್ಟಳು. ಅಂಚಿಗೆ ಸಾಲಾಗಿ ಮಡಿಕೆ ಒತ್ತಿ, ಹೊಲಿಗೆ ಹಾಕಿದಷ್ಟು ಅಚ್ಚುಕಟ್ಟು. ಎಷ್ಟೋ ದಿನಗಳ ಮೇಲೆ ಬೇರೆ ರುಚಿ ಎಂದು ಸ್ಟೋರ್‌ಕೀಪರು ಆಸೆಯಿಂದ ಕಚ್ಚಿದರು. ಕಚ್ಚಿದವರು ಹಾಗೆಯೇ ನಿಂತರು. ಒಳಗಿನ ಮುಖ ಪರಿಚಿತವಾಗಿತ್ತು.

"ಟೈಲರಮ್ಮಾ, ಇದರ ಒಳಗಿಂದು ಎಲ್ಲಿಂದ ಬಂತು?"

"ಡಾಕ್ಟ್ರ ಮನೆಯಿಂದ ಸಾರ್. ಸ್ವಲ್ಪ ಸಡಿಲ ಇತ್ತು, ನಾನು ಮೇಲೊಂದು ಕವರು ಹೊಲಿದೆ ಅಷ್ಟೆ."

ಕಾಣೆಯಾದ ವಾಷರಿನ ಜಾಡು ಹಿಡಿಯುವಂತೆ ಅವರು ಮೆಟ್ಟಿಲು ಹತ್ತಿದರು. ಡಾಕ್ಟರು ಹೆಡ್‌ಮಿಸ್ಸನ್ನು ತೋರಿಸಿದರು. ಹೆಡ್‌ಮಿಸ್ಸು ಡ್ರೈವಿಂಗ್ ಮೇಷ್ಟ್ರನ್ನು ತೋರಿಸಿದರು. ಡ್ರೈವಿಂಗ್ ಮೇಷ್ಟ್ರು ನಾಚಿಕೊಂಡು, "ತಪ್ಪು ತಿಳೀಬೇಡಿ, ನೀವು ಕೊಟ್ಟದ್ದೇ ಸಾರ್. ಹೆಡ್‌ಮಿಸ್ ಕಡೆ ತಿರುಗಿಸಿಬಿಟ್ಟೆ," ಎಂದರು. ಐದು ದಿನಗಳಲ್ಲಿ ಆ ಕುಂಬಳಕಾಯಿ ನಾಲ್ಕು ಮನೆ ನೋಡಿ, ಎರಡು ಮಹಡಿ ಹತ್ತಿಳಿದು, ಹೊಸ ಬಟ್ಟೆ ತೊಟ್ಟು ತವರಿಗೆ ಮರಳಿತ್ತು.

ಕೊನೆಯ ಅಸ್ತ್ರವಾಗಿ ಭಾನುವಾರ ಮಧ್ಯಾಹ್ನ ಕಟ್ಟಡದ ತಾರಸಿಯಲ್ಲಿ ಸಾಮೂಹಿಕ ಭೋಜನ ಏರ್ಪಡಿಸಿದರು. 'ದಯವಿಟ್ಟು ಬರಿಗೈಯಲ್ಲಿ ಬನ್ನಿ' ಎಂದು ಗೋಡೆಗೆ ದಪ್ಪಕ್ಷರದ ಚೀಟಿ ಅಂಟಿಸಿದರು. ಮರ್ಯಾದಸ್ಥರು ಬರಿಗೈಯಲ್ಲಿ ಬರುತ್ತಾರೆಯೆ? ಹೆಡ್‌ಮಿಸ್ಸು ಮತ್ತಷ್ಟು ಎಲೆಕೋಸು ತಂದರು. ಡ್ರೈವಿಂಗ್ ಮೇಷ್ಟ್ರು ಬ್ರೆಡ್ಡು ತಂದರು. ಎಲ್ಲರೂ ಆ ಬ್ರೆಡ್ಡನ್ನು ಮಾತ್ರ ಹರಿದು ತಿಂದು, ಬಿಸಿಲನ್ನು ಹೊಗಳಿ, ಕೈ ತೊಳೆದರು. ಸ್ಟೋರ್‌ಕೀಪರು ಪಾತ್ರೆಯೊಳಗೆ ಇಣುಕಿದರು. ಅದು ಬೆಳಿಗ್ಗೆಗಿಂತ ನಾಲ್ಕು ಬೆರಳು ಮೇಲೇರಿತ್ತು.

ಹದಿನಾಲ್ಕನೆಯ ದಿನದ ಹೊತ್ತಿಗೆ ಆ ಪಾತ್ರೆಯನ್ನು ಒಳಗಿಟ್ಟು ಫ್ರಿಜ್ಜಿನ ಬಾಗಿಲಿಗೆ ಹಗ್ಗ ಬಿಗಿಯಬೇಕಾಯಿತು. ಮನೆಯಲ್ಲಿ ಪ್ರಾಮಾಣಿಕವಾಗಿ ಅದನ್ನು ತಿನ್ನುತ್ತಿದ್ದವರು ಅವರೊಬ್ಬರೇ. ಅಂದು ಮಧ್ಯಾಹ್ನ ಚಮಚ ಎತ್ತಿದರು. ಬಾಯಿ ತೆರೆಯಲಿಲ್ಲ. ಬಾಯಿಗೆ ಬುದ್ಧಿ ಹೇಳಿದರು, ಕಾರ್ಖಾನೆಯ ಶಿಸ್ತನ್ನು ನೆನಪಿಸಿದರು. ಬಾಯಿ ಮುಷ್ಕರ ಹೂಡಿತು.

ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅತ್ತೆ ಗೊರಕೆ ಹೊಡೆಯುತ್ತಿದ್ದರು. ಸ್ಟೋರ್‌ಕೀಪರು ಪಾತ್ರೆಗೆ ಟವೆಲು ಹೊದಿಸಿ, ಕಳ್ಳಹೆಜ್ಜೆಯಿಡುತ್ತ ಕೆಳಗಿಳಿದು, ಕಾಂಪೌಂಡಿನ ಮೂಲೆಯ ಕಸದ ತೊಟ್ಟಿಗೆ ಅದನ್ನು ಬೋರಲು ಹಾಕಿದರು. ಪಾತ್ರೆಯ ತಳಕ್ಕೆ ಎರಡು ಏಟೂ ಹಾಕಿದರು. ಹೆಂಡತಿಗಿಂತ ಜೋರಾಗಿಯೇ.

ಮೆಟ್ಟಿಲು ಹತ್ತುವಾಗ ಎರಡೆರಡು ಸಲ ಹಿಂದಿರುಗಿ ನೋಡಿದರು. ಮೂವತ್ನಾಲ್ಕು ವರ್ಷದ ಸೇವೆಗೆ ಮಸಿ ಬಳಿದುಕೊಂಡೆನಲ್ಲ! ಆದರೆ ಅರ್ಧ ದಾರಿಯಲ್ಲಿ ಕಾಲು ತಾನಾಗಿ ನಿಂತಿತು. ಸೋತೆ ಎಂದರೆ ಏನರ್ಥ? ನಾಳೆಯಿಂದ ಅಡುಗೆ ಇಲ್ಲ. ಹಂಚಾಟವಿಲ್ಲ. ಹೆಡ್‌ಮಿಸ್ಸಿನ ಎಲೆಕೋಸು ಇಲ್ಲ. ಹೆಂಡತಿ ಹಾಕಿದ್ದನ್ನು ತಿಂದು, ಪೇಪರು ಹರಡಿಕೊಂಡು ಕುಳಿತರಾಯಿತು. ಇಷ್ಟು ಸುಲಭದ ಸೋಲನ್ನು ಬಿಟ್ಟು ಹದಿನಾಲ್ಕು ದಿನ ಗೆಲ್ಲಲು ಒದ್ದಾಡಿದ ತಮ್ಮ ಮೂರ್ಖತನಕ್ಕೆ ಅವರೇ ತಲೆ ಚಚ್ಚಿಕೊಂಡರು.

ಸಂಜೆ ಹೆಂಡತಿ ಬರುವುದನ್ನೇ ಕಾದಿದ್ದು, ಚಪ್ಪಲಿ ಬಿಡುವ ಮುಂಚೆಯೇ ಕುರ್ಚಿ ಎಳೆದು ಕೂರಿಸಿ, ಅತ್ತೆಯನ್ನೂ ಎಬ್ಬಿಸಿ ಕರೆತಂದರು.

"ನಾನು ಸೋತೆ ಕಣೇ," ಎಂದರು, ಬಹುಮಾನ ಗೆದ್ದ ಹುಡುಗನ ದನಿಯಲ್ಲಿ.

"ಏನಾಯ್ತು?"

"ಬಿಸಾಡಿದೆ. ಅಗುಳಲ್ಲ, ಇಡೀ ಪಾತ್ರೆ!"

ಹೆಂಡತಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಸುಳ್ಳು. ಹರಿದ ಬಸ್ ಟಿಕೆಟ್ಟನ್ನೂ ಎತ್ತಿಡೋ ಮನುಷ್ಯ ನೀವು."

"ನಿನ್ನಾಣೆ! ತೊಟ್ಟಿಗೇ ಸುರಿದೆ. ಬೇಕಾದ್ರೆ ಬಾ, ತೋರಿಸ್ತೀನಿ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಡ್ರೈವಿಂಗ್ ಮೇಷ್ಟ್ರು. ಕಣ್ಣಲ್ಲಿ ನೀರಾಡುತ್ತಿತ್ತು. ಒಳಗೆ ಬಂದವರೇ ಸ್ಟೋರ್‌ಕೀಪರ ಎರಡೂ ಕೈ ಹಿಡಿದುಕೊಂಡರು.

"ಸಾರ್, ನೀವು ದೇವರಂಥೋರು. ನಮ್ಮ ಗುಂಡ ನಾಲ್ಕು ದಿನದಿಂದ ಏನೂ ಮುಟ್ಟಿರಲಿಲ್ಲ. ಮೇಡಂಗೆ ಗೊತ್ತಲ್ಲ, ನಿನ್ನೆ ಕ್ಲಿನಿಕ್ಕಿಗೂ ಕರ್ಕೊಂಡು ಬಂದಿದ್ದೆ."

"ಹೌದು ಪಾಪ," ಎಂದಳು ಹೆಂಡತಿ. ಗುಂಡ ಮೇಷ್ಟ್ರ ಮನೆಯ ನಾಯಿ.

"ಈವತ್ತು ಮಧ್ಯಾಹ್ನ ಹೊರಗೆ ಕರ್ಕೊಂಡು ಹೊರಟೆ. ತೊಟ್ಟಿ ಹತ್ರ ಬಂದೋನು ಬ್ರೇಕ್ ಹಾಕ್ಬಿಟ್ಟ. ಎಷ್ಟು ಎಳೆದ್ರೂ ಮುಂದಕ್ಕೆ ಬರಲ್ಲ. ಒಳಗೆ ನೋಡಿದ್ರೆ ನಿಮ್ಮ ಕುಂಬಳಕಾಯಿ! ಅದನ್ನ ಇನ್ನು ಎಲ್ಲಿ ಕಂಡ್ರೂ ನಾನು ಗುರುತು ಹಿಡೀತೀನಿ ಸಾರ್. ತೊಟ್ಟಿ ವಾಲಿಸಿಕೊಟ್ಟೆ. ಪೂರ್ತಿ ತಿಂದ. ತಳ ನೆಕ್ಕಿದ. ಈಗ ಮನೆ ತುಂಬಾ ಓಡಾಡ್ತಿದ್ದಾನೆ!"

"ಏನೂ ಉಳೀಲಿಲ್ವಾ?" ಎಂದರು ಅತ್ತೆ. ಕಿವಿ ಬಹಳ ಚುರುಕಾಗಿತ್ತು.

"ಒಂದಗುಳೂ ಇಲ್ಲ ಅಮ್ಮ."

ಅತ್ತೆ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತರು. "ಹೊಟ್ಟೆಗೆ ಹೋಗಿದ್ದು ವ್ಯರ್ಥ ಹೇಗಾಗುತ್ತೆ? ಇನ್ನು ಉಳಿದಿದ್ದು ಒಂದೇ ದಿನ, ಪಾತ್ರೆಯೂ ಖಾಲಿ. ಅಳಿಯಂದ್ರು ಗೆದ್ರು."

"ಅತ್ತೆ, ಅದು ನಾಯಿ!"

"ಯಾಕೆ, ನಾಯಿಗೆ ಹೊಟ್ಟೆ ಇಲ್ವಾ?"

"ನಾನು ಎಸೆದದ್ದು! ಬೇಕು ಅಂತಲೇ ಎಸೆದದ್ದು!"

"ದೊಡ್ಡ ಮನಸ್ಸು ಸಾರ್ ನಿಮ್ದು," ಎಂದರು ಮೇಷ್ಟ್ರು. "ಮಾಡಿದ ಉಪಕಾರ ಹೇಳ್ಕೊಳ್ಳೋಕೂ ಸಂಕೋಚ."

ಹೆಂಡತಿ ನಿಟ್ಟುಸಿರು ಬಿಟ್ಟಳು. "ಏನ್ಮಾಡೋದು, ಮಾತು ಅಂದ್ರೆ ಮಾತು. ಅಡುಗೆಮನೆ ಇನ್ನು ಶಾಶ್ವತವಾಗಿ ನಿಮ್ದು ಕಣ್ರೀ." ಬಹಳ ದುಃಖದಿಂದಲೇ ಹೇಳಿದಳು. ಅದೇ ದುಃಖದಲ್ಲಿ ಕಾಲು ಚಾಚಿ, ಪೇಪರು ಎತ್ತಿಕೊಂಡು, ಮುಖಕ್ಕೆ ಅಡ್ಡ ಹಿಡಿದಳು. ಪೇಪರು ಮಾತ್ರ ಕುಲುಕುಲು ಅಲುಗಾಡುತ್ತಿತ್ತು.

ಸ್ಟೋರ್‌ಕೀಪರು ಮೇಷ್ಟ್ರನ್ನು ಬೀಳ್ಕೊಡಲು ಬಾಗಿಲ ತನಕ ಕಾಲೆಳೆದುಕೊಂಡು ಹೋದರು.

"ನಾಳೆಗೂ ಸ್ವಲ್ಪ ಮಾಡ್ತೀರಾ ಸಾರ್? ಅವನಿಗೆ ಅಷ್ಟು ಹಿಡಿಸಿಬಿಟ್ಟಿದೆ."

ಸ್ಟೋರ್‌ಕೀಪರು ಹಿಂದಿರುಗಿ ನೋಡಿದರು. ಹೆಂಡತಿ ಪೇಪರಿನ ಮರೆಯಲ್ಲಿದ್ದಳು. ಅತ್ತೆಯ ಕಿವಿ ಮತ್ತೆ ಮಂದವಾದಂತಿತ್ತು. ಹದಿನಾಲ್ಕು ದಿನ ಅಡುಗೆ ಮಾಡಿದ್ದರು, ಚೆನ್ನಾಗಿದೆ ಎಂದು ಒಬ್ಬ ನರಪಿಳ್ಳೆಯೂ ಅಂದಿರಲಿಲ್ಲ. ಅವರು ಮೇಷ್ಟ್ರ ಕಿವಿಯ ಹತ್ತಿರ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದರು.

"ಅಲ್ಲ... ಉಪ್ಪು ಸರಿಯಾಗಿತ್ತಂತಾ?"