ಏಳನೇ ನಂಬರಿನ ಬಿಲ್ಲೆ

ಬೆಳಿಗ್ಗೆ ಖಾಕಿ ಅಂಗಿ ತೊಟ್ಟು, ರೂಢಿಯಂತೆ ಎದೆಯ ಎಡಭಾಗ ಮುಟ್ಟಿ ನೋಡಿಕೊಂಡ ಗುತ್ತೆಪ್ಪನ ಕೈಗೆ ಬರೀ ಬಟ್ಟೆ ಸಿಕ್ಕಿತು. ಬಿಲ್ಲೆ ಇರಲಿಲ್ಲ.

ಆ ಹಿತ್ತಾಳೆ ಬಿಲ್ಲೆ ಬಂದು ಮೂರು ತಿಂಗಳಾಗಿತ್ತು. ಅದಕ್ಕೂ ಮೊದಲು ಹನ್ನೊಂದು ವರ್ಷ ಅವನು ದಾವಣಗೆರೆಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯೊಂದರ ಗೇಟಿನಲ್ಲಿ ಪಂಚೆ ಉಟ್ಟು ರುಮಾಲು ಸುತ್ತಿ ಕೂತಿದ್ದ. ಜನ ಗೇಟಿನ ಕಂಬವನ್ನು ದಾಟಿದಂತೆಯೇ ಅವನನ್ನೂ ದಾಟಿ ಹೋಗುತ್ತಿದ್ದರು. ಆಮೇಲೆ ಹೊಸ ಮ್ಯಾನೇಜರ್ ಕುಬೇರಪ್ಪ ಬಂದರು; ಅವರ ಬೆನ್ನಿಗೇ ಕಾವಲುಗಾರರ ಹನ್ನೆರಡು ನಿಯಮಗಳು, ಎರಡು ಜೊತೆ ಖಾಕಿ, ಏಳು ಎಂದು ಅಂಕಿ ಕೊರೆದ ಒಂದು ಬಿಲ್ಲೆ ಬಂದವು. ಇರುವ ಒಬ್ಬನೇ ಕಾವಲುಗಾರನಿಗೆ ಏಳನೇ ನಂಬರು ಯಾಕೆಂದು ಯಾರೂ ಕೇಳಲಿಲ್ಲ. ಅಂಗಡಿಯಲ್ಲಿ ಉಳಿದಿದ್ದದ್ದು ಅದೊಂದೇ.

ಮಾರನೆಯ ದಿನವೇ ಹತ್ತಿ ಆರಿಸುವ ರಂಗವ್ವ, "ಏನೋ ಏಳೂ, ಊಟ ಆತಾ?" ಎಂದಿದ್ದಳು. ಊಟವಾಗಿರಲಿಲ್ಲ. ಆದರೂ ಗುತ್ತೆಪ್ಪನಿಗೆ ಹೊಟ್ಟೆ ತುಂಬಿದಂತಾಗಿತ್ತು.

ಈಗ ಅವನು ತಲೆಯ ಮೇಲೆ ಕೈಹೊತ್ತು ನಿಂತ. ನಾಲ್ಕನೆಯ ನಿಯಮ ಅವನಿಗೆ ಬಾಯಿಪಾಠವಾಗಿತ್ತು: ಬಿಲ್ಲೆ ಇಲ್ಲದವನು ಕಾವಲುಗಾರನಲ್ಲ, ಅಂಥವನು ಗೇಟಿನೊಳಗೆ ಇರಕೂಡದು. ಗೇಟಿನ ಪಕ್ಕದ ಕೋಣೆಯೇ ಅವನ ಮನೆ. ಹೆಂಡತಿ ಹೋದ ಮೇಲೆ ಬೇರೆ ಮನೆಯಿಲ್ಲ, ಮಠವಿಲ್ಲ. ಮೇಲಾಗಿ ಆವತ್ತೇ ಮೂರು ಗಂಟೆಗೆ ಸರ್ಕಾರದ ಸಾಹೇಬರೊಬ್ಬರು ತಪಾಸಣೆಗೆ ಬರುವವರಿದ್ದರು.

ನಿಯಮ ಎಂದರೆ ನಿಯಮ. ಗುತ್ತೆಪ್ಪ ತನ್ನನ್ನು ತಾನೇ ಗೇಟಿನಿಂದ ಹೊರಗೆ ಹಾಕಿಕೊಂಡು ಚಿಲಕ ಎಳೆದ.

"ಇದೇನೋ ಏಳೂ, ಹೊರಗೆ ನಿಂತು ಒಳಗೆ ಇಣುಕಾಕ ಹತ್ತೀಯ?" ರಂಗವ್ವ ಬುತ್ತಿ ಹಿಡಿದು ಬಂದಳು.

"ಬಿಲ್ಲೆ ಇಲ್ಲ ಕಣವ್ವಾ. ನಿನ್ನೆ ಒಗೆಯಾಕೆ ಕೊಟ್ಟ ಅಂಗೀಲೇ ಉಳೀತು."

"ಮರಿಯವ್ವಗೆ ಕೊಟ್ಟಿದ್ಯಾ? ಆಕಿ ಗಂಟು ಕಟ್ಕಂಡು ಹರಿಹರಕ್ಕೆ ಮಗಳ ಮನೀಗೆ ಹೋದ್ಲಲ್ಲೋ! ಹೊಳೆ ನೀರಾಗೆ ಬಟ್ಟೆ ಬೆಳ್ಳಗಾಗ್ತಾವಂತೆ. ಓಡು, ಗೇಟು ನಾ ನೋಡ್ಕಂತೀನಿ."

ಹರಿಹರದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಖಾಕಿ ಕಂಡದ್ದೇ ತಡ, ಕೋಳಿ ಹಿಡಿದ ಮುದುಕನೊಬ್ಬ, "ಕಂಡಕ್ಟ್ರೇ, ಕೋಳಿಗೂ ಟಿಕೀಟು ಐತೇನ್ರಿ?" ಎಂದು ಅವನ ಅಂಗಿ ಜಗ್ಗಿದ. ನಿಜವಾದ ಕಂಡಕ್ಟರ್ ತಿರುಗಿ ನೋಡಿ, "ಎದಿ ಮ್ಯಾಲೆ ಬಿಲ್ಲೆ ಎಲ್ಲೈತೆ ಯಜಮಾನ? ಅದು ಬರೇ ಬಟ್ಟೆ!" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಗುತ್ತೆಪ್ಪ ಕೋಳಿಯ ಮುಖವನ್ನೇ ನೋಡುತ್ತಾ ನಿಂತ; ಅದೊಂದೇ ನಕ್ಕಿರಲಿಲ್ಲ.

ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ, ಜಗಲಿಯ ಮೇಲಿದ್ದ ಅಜ್ಜಿಯೊಬ್ಬಳು ಕೂಗಿದಳು.

"ಏ ಟಪ್ಪಾಲಪ್ಪಾ, ಈ ಅಕ್ಕನಾಗಮ್ಮನ ಮನಿ ದಾಟಿ ಹೊಂಟ್ಯಲ್ಲ! ಮಗಳ ಕಾಗ್ದ ಬಂತೇನು?"

"ನಾ ಟಪ್ಪಾಲಿನವನಲ್ಲಬೇ..."

"ಬರ್ಲಿಲ್ಲ ಅಂತ ಹೇಳಾಕೆ ನಾಚಿಕ್ಯಾ? ಕೂಡಪ್ಪ ಸ್ವಲ್ಪ. ಬಿಸಿಲು."

ಕೂಡು ಎಂದು ಅವನಿಗೆ ಯಾರಾದರೂ ಹೇಳಿ ಎಷ್ಟೋ ವರ್ಷವಾಗಿತ್ತು. ಅವನು ಕೂತುಬಿಟ್ಟ. ಅಜ್ಜಿ ಮೊರದ ತುಂಬಾ ಮಂಡಕ್ಕಿ, ಒಂದು ಚೂರು ಬೆಲ್ಲ ತಂದಿಟ್ಟು, ಅವನ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಮೂಗಿನ ಮ್ಯಾಲೆ ನರೂಲಿ ಐತೆ ನಿಂಗೆ. ಸರಿ, ಗುರ್ತು ಇಟ್ಕಂತೀನಿ. ಕಾಗ್ದ ಇಲ್ದಿದ್ರೂ ನಾಳೆ ಬಾ."

ಹನ್ನೊಂದು ವರ್ಷದಲ್ಲಿ ಆ ನರೂಲಿಯನ್ನು ಕಂಡವರು ಅವಳೊಬ್ಬಳೇ. "ಬರ್ತೀನವ್ವಾ," ಎಂದ ಗುತ್ತೆಪ್ಪ. ಹಾಗೆಂದದ್ದು ಯಾಕೆಂದು ಅವನಿಗೇ ತಿಳಿಯಲಿಲ್ಲ.

ಹೊಳೆಯ ದಂಡೆಯಲ್ಲಿ ಮರಿಯವ್ವ ಅವನನ್ನು ಕಂಡು ಕೈಯಲ್ಲಿದ್ದ ಸೀರೆಯನ್ನೇ ಬಿಟ್ಟಳು.

"ಅಯ್ಯೋ, ನೀ ಇಲ್ಲಿಗ್ಯಾಕೆ ಬಂದ್ಯೋ! ಬಿಲ್ಲೆ ಕಂಡ ಕೂಡ್ಲೆ ನಮ್ಮ ಅಳಿಯ ಕರಿಬಸವರಾಜನ ಕೈಲಿ ಅಂಗೀನೇ ಕಳಿಸೀನಿ. ಇಸ್ತ್ರಿ ಮಾಡಿದ್ದು ಬಸ್ನಾಗೆ ಮುದುಡ್ತದೆ ಅಂತ ತೊಟ್ಕಂಡೇ ಹೋದ."

ಗುತ್ತೆಪ್ಪ ದಾವಣಗೆರೆಗೆ ಮರಳಿದಾಗ ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಆದರೆ ಸರ್ಕಾರದ ಸಾಹೇಬರು ಒಂದು ಗಂಟೆಗೇ ಬಂದು, ನೋಡಿ, ಮೆಚ್ಚಿ, ಹೋಗಿಯೂ ಆಗಿತ್ತು. ಗೇಟಿನಲ್ಲಿ ಗರಿಗರಿ ಅಂಗಿಯ ಕರಿಬಸವರಾಜ ಗೂಟದಂತೆ ನಿಂತಿದ್ದ. ಎದೆಯ ಮೇಲೆ ಏಳು ಥಳಥಳಿಸುತ್ತಿತ್ತು.

"ಬಿಲ್ಲೆ ಕೊಡಪ್ಪಾ," ಎಂದ ಗುತ್ತೆಪ್ಪ.

"ಹೆಂಗೆ ಕೊಡ್ಲಣ್ಣಾ?" ಕರಿಬಸವರಾಜನ ತುಟಿ ಮಾತ್ರ ಅಲ್ಲಾಡಿತು. "ನಾ ಬಂದು ನಿಂತಿದ್ದೇ ತಡ, ಮ್ಯಾನೇಜರು ಎದಿ ನೋಡಿ 'ಏಳು, ಸೆಟೆದು ನಿಲ್ಲು' ಅಂದ್ರು. ಸಾಹೇಬ್ರು ಬುಕ್ಕಿನಾಗೆ ನನ್ನ ಹೆಬ್ಬೆಟ್ಟು ಒತ್ತಿಸ್ಕಂಡು ಹೋದ್ರು. ಈಗ ಡ್ಯೂಟಿ ಮ್ಯಾಲೆ ಬಿಲ್ಲೆ ತೆಗೆಯಂಗಿಲ್ಲಂತೆ."

ಸದ್ದು ಕೇಳಿ ಕುಬೇರಪ್ಪ ಬಂದರು. ಮೂರು ತಿಂಗಳು ದಿನಾ ಸಲಾಮು ಹೊಡೆಸಿಕೊಂಡವರು ಗುತ್ತೆಪ್ಪನ ಖಾಲಿ ಎದೆಯನ್ನು ನೋಡಿ, "ಯಾರಿವ?" ಎಂದರು.

"ನಾನೇ ಸ್ವಾಮಿ, ಏಳನೇ ನಂಬರು."

"ಏಳನೇ ನಂಬರು ಅಲ್ಲಿ ನಿಂತೈತಲ್ಲ? ಅವ ಅಲ್ಲ ಅಂದ್ರೆ ಸರ್ಕಾರಕ್ಕೆ ಸುಳ್ಳು ಹೆಬ್ಬೆಟ್ಟು ಒತ್ತಿದಂಗಾತು. ಪೊಲೀಸ್ರನ್ನ ಕರೀಲೇನು?"

ಕರಿಬಸವರಾಜನ ಮುಖ ಹೊಳೆಯಲ್ಲಿ ಒಗೆದ ಬಟ್ಟೆಗಿಂತ ಬೆಳ್ಳಗಾಯಿತು. ರಂಗವ್ವ ತಡೆಯಲಾರದೆ ನುಗ್ಗಿದಳು. "ಇವ ನಮ್ಮವನೇ ರೀ! ದಿನಾ ಮಾತಾಡಿಸ್ತೀನಿ ನಾನು!"

"ಹೆಸರೇನು ಇವನ್ದು?"

ರಂಗವ್ವ ಬಾಯಿ ತೆರೆದಳು. ಗುತ್ತೆಪ್ಪ ಆಸೆಯಿಂದ ಅವಳನ್ನೇ ನೋಡಿದ. ಅವಳು ಮೆಲ್ಲಗೆ, "ಏಳು..." ಎಂದು ತಲೆ ತಗ್ಗಿಸಿದಳು.

"ಹನ್ನೆರಡನೇ ರೂಲು," ಎಂದರು ಕುಬೇರಪ್ಪ. "ಫ್ಯಾಕ್ಟರಿಯವರಲ್ಲದ ಇಬ್ರು ನಿನ್ನ ಗುರ್ತು ಹೇಳ್ಬೇಕು. ಕರ್ಕಂಡು ಬಾ, ನೋಡಾಣ." ಗೇಟು ಮುಚ್ಚಿತು. ಕರಿಬಸವರಾಜ ಕಣ್ಣಲ್ಲೇ ಕ್ಷಮೆ ಕೇಳುತ್ತಾ ಚಿಲಕ ಎಳೆದ.

ಗುತ್ತೆಪ್ಪ ಎದುರಿನ ಕಲ್ಲಿನ ಮೇಲೆ ಕೂತು ಬೆರಳು ಮಡಿಚಿದ. ಮರಿಯವ್ವ ಒಬ್ಬಳು. ಆದರೆ ಅವಳೀಗ ಏಳನೇ ನಂಬರಿನ ಅತ್ತೆ. ಆ ಬೆರಳನ್ನು ಅವನೇ ಬಿಡಿಸಿದ. ಇನ್ನು ಯಾರು? ಬಹಳ ಹೊತ್ತಿನ ಮೇಲೆ ಅವನ ಕೈ ಮೂಗಿನ ಮೇಲಿನ ನರೂಲಿಗೆ ಹೋಯಿತು.

ಹೌದು, ಒಬ್ಬಳಿದ್ದಾಳೆ. ನೂರು ಮಂದಿಯ ನಡುವೆ ನಿಲ್ಲಿಸಿದರೂ ಅಕ್ಕನಾಗಮ್ಮ ಅವನನ್ನು ಹಿಡಿದು ತೋರಿಸುತ್ತಾಳೆ. ಕುಬೇರಪ್ಪನವರ ಮುಂದೆ ಆಣೆ ಮಾಡಿ ಹೇಳುತ್ತಾಳೆ:

"ಗುರ್ತಿಲ್ದೆ ಏನು? ಇವ ನಮ್ಮ ಓಣಿ ಟಪ್ಪಾಲಿನವ. ಇವತ್ತಾರ ಕಾಗ್ದ ತಂದಾನೇನು, ಕೇಳ್ರಿ."